ಗ್ರಾಹಕರ ಕೋರಿಕೆಯ ಮೇರೆಗೆ

ಮಂಗಳವಾರ ಮಧ್ಯಾಹ್ನ ಮೂರು ಹತ್ತರಿಂದ ಮೂರು ಇಪ್ಪತ್ತರವರೆಗೆ ಅಕ್ಕ ಬಾಯ್ಲರ್ ಕೋಣೆಯ ಹಿಂದಿನ ಮೆಟ್ಟಿಲ ಮೇಲೆ ಇರುತ್ತಾಳೆ. ಲಾಂಡ್ರಿಯಲ್ಲಿ ಇದು ಎಲ್ಲರಿಗೂ ಗೊತ್ತು. ಐದು ಆಸ್ಪತ್ರೆಗಳ ಚಾದರ, ದಿಂಬಿನ ಚೀಲ, ಗೌನುಗಳನ್ನು ಒಗೆದು ಇಸ್ತ್ರಿ ಮಾಡಿ ಕಳಿಸುವ ಜಾಗ ಅದು. ಕೆಲಸದ ಹೊತ್ತಿನಲ್ಲಿ ಎಲ್ಲರ ಫೋನುಗಳೂ ಮೇಸ್ತ್ರಿಯ ಮೇಜಿನ ಮೇಲಿನ ತಗಡಿನ ಡಬ್ಬಿಯೊಳಗೆ ಇರಬೇಕು. ಅಕ್ಕನ ಫೋನು ಮಾತ್ರ ವಾರಕ್ಕೊಮ್ಮೆ ಹತ್ತು ನಿಮಿಷ ಹೊರಗೆ ಬರುತ್ತದೆ, ಯಾಕೆಂದರೆ ಅವಳ ತಮ್ಮ ಜೈಲಿನಲ್ಲಿದ್ದಾನೆ, ಅಲ್ಲಿಂದ ಫೋನ್ ಮಾಡಲು ಅವನ ಪಾಳಿ ಬರುವುದು ಆಗಲೇ.

ಹದಿನೆಂಟು ತಿಂಗಳ ಹಿಂದೆ ಒಂದು ಗೋದಾಮಿನ ಹೊಡೆದಾಟದಲ್ಲಿ ಒಬ್ಬ ಸತ್ತ. ಅಲ್ಲಿದ್ದ ಏಳು ಜನರನ್ನೂ ಹಿಡಿದು ಒಳಗೆ ಹಾಕಿದರು. ತಮ್ಮ ಆ ದಿನ ಅಲ್ಲಿ ಸರಕು ಇಳಿಸುತ್ತಿದ್ದ. ಹೊಡೆದನೋ ಬಿಡಿಸಲು ಹೋದನೋ ಎಂಬುದನ್ನು ಕೋರ್ಟು ಇನ್ನೂ ಕೇಳಿಯೇ ಇಲ್ಲ. ಸರ್ಕಾರ ಕೊಟ್ಟ ವಕೀಲರು ತಾರೀಖಿನ ದಿನ ಬಿಟ್ಟರೆ ಬೇರೆ ದಿನ ಸಿಗುವವರಲ್ಲ. ಜೈಲು ಬಸ್ಸಿನಲ್ಲಿ ಐದು ಗಂಟೆಯ ದಾರಿ. ಭೇಟಿ ಎರಡು ತಿಂಗಳಿಗೊಮ್ಮೆ. ಪತ್ರ ಬರೆದರೆ ತಪಾಸಣೆ ಮುಗಿದು ಕೈ ಸೇರಲು ಮೂರು ವಾರ. ಹಾಗಾಗಿ ಫೋನು.

ಮೊದಲು ಫೋನೂ ತಿಂಗಳಿಗೆ ಒಂದೇ ಇತ್ತು. ಆರನೇ ತಿಂಗಳಲ್ಲಿ ತಮ್ಮ ಊಟ ಬಿಟ್ಟ. ಯಾವ ಬೇಡಿಕೆಯೂ ಇರಲಿಲ್ಲ, ಸುಮ್ಮನೆ ಬಿಟ್ಟ. ಹನ್ನೊಂದನೇ ದಿನ ಜೈಲಿನ ಡಾಕ್ಟರು ಅಕ್ಕನಿಗೆ ಫೋನ್ ಮಾಡಿ ಅವನಿಗೆ ಡ್ರಿಪ್ ಹಾಕಿದ್ದೇವೆ ಎಂದರು. ಆಮೇಲೆ ಅವರೇ ಬರೆದುಕೊಟ್ಟು ವಾರಕ್ಕೊಂದು ಕರೆ ಮಾಡಿಸಿದರು. ಅವನು ತಿನ್ನತೊಡಗಿದ. ಒಂದು ಸಲ ನಗುತ್ತಲೇ ಹೇಳಿದ್ದ: "ಇಲ್ಲಿ ವಾರಕ್ಕೆ ಒಂದೇ ದಿನ ಅಕ್ಕಾ. ಉಳಿದ ಆರು ಬರೀ ಹೆಸರಿಗೆ."

ಅಕ್ಕ ಅಂದಿನಿಂದ ಒಂದು ಮಂಗಳವಾರವನ್ನೂ ತಪ್ಪಿಸಿರಲಿಲ್ಲ. ಜ್ವರ ಬಂದರೂ ಆ ಮೆಟ್ಟಿಲಿಗೆ ಬಂದು ಕೂತಿದ್ದಾಳೆ. ಇಸ್ತ್ರಿ ರೋಲರಿನಿಂದ ಬಿಸಿಯಾಗಿ ಹೊರಬರುವ ಚಾದರವನ್ನು ಇಬ್ಬರು ಎರಡು ತುದಿ ಹಿಡಿದು ಮಡಚಬೇಕು. ಅವಳು ಎದ್ದು ಹೋದ ಹತ್ತು ನಿಮಿಷ ಅವಳ ಜೋಡಿ ಒಬ್ಬಳೇ ಎರಡು ತುದಿಗೂ ಓಡುತ್ತಾಳೆ. ಬೆಳಿಗ್ಗೆ ಎಂಟರಿಂದ ಸಂಜೆ ಐದರತನಕ ಬಾಯಿ ಮುಚ್ಚದ ಈ ಹೆಂಗಸಿಗೆ ಎಲ್ಲರೂ ರೇಡಿಯೋ ಎನ್ನುತ್ತಾರೆ.

ಫೋನ್ ಕಂಪನಿಗಳು ಎರಡು ಸೇರಿ ಒಂದಾದ ಸುದ್ದಿಯನ್ನು ಲಾಂಡ್ರಿಗೆ ತಂದವಳೂ ರೇಡಿಯೋ. ಇಲ್ಲಿ ಮುಕ್ಕಾಲು ಜನರದ್ದು ಅಗ್ಗದ ಸಣ್ಣ ಕಂಪನಿಯ ಸಿಮ್ಮು. ಅದನ್ನು ದೊಡ್ಡ ಕಂಪನಿ ನುಂಗಿತ್ತು. 'ನಾವೀಗ ಒಂದೇ ಕುಟುಂಬ' ಎಂದು ಎಲ್ಲರಿಗೂ ಮೆಸೇಜು ಬಂತು. "ಒಂದೇ ಕುಟುಂಬವಂತೆ. ಹಾಗಾದ್ರೆ ಇನ್ನು ಮಾತುಕತೆ ನಿಂತ ಹಾಗೇ" ಎಂದಳು ರೇಡಿಯೋ. ಹಳೇ ಪ್ಲಾನುಗಳು ರದ್ದಾದವು. ಮೂರು ತಿಂಗಳು ಬರುತ್ತಿದ್ದ ರೀಚಾರ್ಜು ಎರಡೇ ತಿಂಗಳಿಗೆ ಮುಗಿಯತೊಡಗಿತು. ಮೇಸ್ತ್ರಿಯ ಹಳೇ ಸೆಟ್ಟಿಗೆ ಹೊಸ ನೆಟ್‌ವರ್ಕು ಹತ್ತದೆ ಅವನು ಎರಡು ದಿನ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಹಲೋ ಹಲೋ ಎಂದ. ತಿಂಗಳ ಕೊನೆಯೊಳಗೆ ಎಲ್ಲರೂ ಹಳೇ ಸಿಮ್ಮು ಕೊಟ್ಟು ಹೊಸದು ಪಡೆಯಬೇಕು, ಇಲ್ಲದಿದ್ದರೆ ನಂಬರು ಸಾಯುತ್ತದೆ ಎಂದು ಇನ್ನೊಂದು ಮೆಸೇಜು ಬಂತು.

ಅಕ್ಕನಿಗೆ ಭಯ ಇದ್ದದ್ದು ನಂಬರಿನ ಬಗ್ಗೆ. ಜೈಲಿನ ಪಟ್ಟಿಯಲ್ಲಿ ತಮ್ಮನ ಹೆಸರಿನ ಮುಂದೆ ಇರುವುದು ಒಂದೇ ನಂಬರು. ಅದು ಬದಲಾದರೆ ಅರ್ಜಿ, ಪೊಲೀಸ್ ಪರಿಶೀಲನೆ, ಮತ್ತೆ ಮಂಜೂರಾತಿ, ಎಲ್ಲ ಸೇರಿ ನಲವತ್ತೈದು ದಿನ. ಅವಳು ಬುಧವಾರವನ್ನೇ ಆರಿಸಿ ಹೋದಳು, ಏನಾದರೂ ಎಡವಟ್ಟಾದರೆ ಸರಿಮಾಡಲು ಮುಂದಿನ ಮಂಗಳವಾರದ ತನಕ ಸಮಯ ಇರಲಿ ಎಂದು.

ಅಂಗಡಿಯ ಬೋರ್ಡಿನಲ್ಲಿ ಹಳೇ ಕಂಪನಿಯ ಹೆಸರಿನ ಮೇಲೆ ಹೊಸದನ್ನು ಅಂಟಿಸಿದ್ದರು, ಅಂಚಿನಲ್ಲಿ ಹಳೇ ಬಣ್ಣ ಕಾಣುತ್ತಿತ್ತು. ಕೌಂಟರಿನಲ್ಲಿ ಅದೇ ಹಳೇ ಮನುಷ್ಯ, ಐವತ್ತು ದಾಟಿದವನು, ಕನ್ನಡಕದವನು. ಮೈಮೇಲೆ ಮಾತ್ರ ಹೊಸ ಕಂಪನಿಯ ಟೀ ಶರ್ಟು. ನಂಬರು ಬದಲಾಗುವುದಿಲ್ಲ ತಾನೇ ಎಂದು ಅಕ್ಕ ಮೂರು ಸಲ ಕೇಳಿದಳು. ಮೂರನೇ ಸಲಕ್ಕೆ ಅವನು ಕನ್ನಡಕ ತೆಗೆದು, ಬರೆದುಕೊಡಲೇನಮ್ಮಾ ಎಂದ. ಬರೆದುಕೊಡಿ ಎಂದಳು. ಅವನು ನಿಜವಾಗಿಯೂ ಒಂದು ಚೀಟಿಯಲ್ಲಿ ಬರೆದುಕೊಟ್ಟ.

ಸಿಮ್ಮು ಹಾಕಿ ಕೊಡುವಾಗ ಅವನು ಪರದೆ ನೋಡುತ್ತ ಕೊನೆಯ ಪ್ರಶ್ನೆ ಕೇಳಿದ. ಸಾಲ ಬೇಕಾ, ವಿಮೆ ಬೇಕಾ ಅಂತ ಕರೆಗಳು ಬರುತ್ತವಾ, ಟೇಪು ಹಾಕಿದ ಹಾಗೆ ಮಾತಾಡುವಂಥವು? ಹೊಸ ಕಂಪನಿಯಲ್ಲಿ ಅದನ್ನು ಮೇಲಿಂದಲೇ ನಿಲ್ಲಿಸುವ ಸೌಲಭ್ಯ ಇದೆ, ಪುಕ್ಕಟೆ.

ಬರುತ್ತಿದ್ದವು. ಮಂಗಳವಾರ ಮೂರು ಹತ್ತಕ್ಕೇ ಎರಡು ಸಲ ಬಂದಿದ್ದವು. ಒಂದು ಸಲ ಯಾವುದೋ ವಿಮೆಯವರ ಟೇಪು ಶುರುವಾಗಿ, ಅವಳು ಕೆಂಪು ಗುಂಡಿ ಒತ್ತುವಷ್ಟರಲ್ಲಿ ತಮ್ಮನಿಗೆ ಲೈನು ಬಿಜಿ ಬಂದು ಅವನ ಮೂರು ನಿಮಿಷ ಹಾಳಾಗಿತ್ತು.

"ಎಲ್ಲಾ ನಿಲ್ಸಿ," ಎಂದಳು ಅಕ್ಕ. "ಒಂದೂ ಬರಬಾರ್ದು."

ಅವನು ಒತ್ತಿದ. ಅವಳು ಹೆಬ್ಬೆರಳು ಇಟ್ಟಳು. ಲಾಂಡ್ರಿಗೆ ಬಂದು ರೇಡಿಯೋಳ ಫೋನಿನಿಂದ ಕರೆ ಮಾಡಿಸಿ ನೋಡಿದಳು. ಅದೇ ನಂಬರು, ಸ್ಪಷ್ಟವಾದ ಗಂಟೆ. ಆ ವಾರ ನೆಮ್ಮದಿಯಾಗಿದ್ದಳು.

ಮಂಗಳವಾರ ಕರೆ ಬರಲಿಲ್ಲ.

ಜೈಲಿನಲ್ಲಿ ಇಂಥದ್ದು ಆಗುತ್ತದೆ. ಯಾರೋ ಕಿತ್ತಾಡಿ ಇಡೀ ಬ್ಯಾರಕ್ಕಿಗೆ ಶಿಕ್ಷೆಯಾಗಿರಬಹುದು, ಯಂತ್ರ ಕೆಟ್ಟಿರಬಹುದು. ಅಕ್ಕ ಮೂರು ಇಪ್ಪತ್ತೈದರ ತನಕ ಕೂತು ಎದ್ದಳು. ಎರಡನೇ ಮಂಗಳವಾರವೂ ಬರಲಿಲ್ಲ. ಆ ದಿನ ಅವಳು ನಾಲ್ಕರ ತನಕ ಕೂತಿದ್ದಳು, ಮೇಸ್ತ್ರಿ ಬಾಗಿಲಿಗೆ ಬಂದು ನೋಡಿ ಹೋದ. ಜೈಲಿನ ಕಚೇರಿಗೆ ಮಾಡಿದರೆ ಎತ್ತುವವರಿಲ್ಲ. ಬುಧವಾರ, ಗುರುವಾರ ಊಟದ ಬಿಡುವಿನಲ್ಲೆಲ್ಲ ಮಾಡಿದಳು. ಶುಕ್ರವಾರ ಒಬ್ಬ ಗುಮಾಸ್ತ ಎತ್ತಿದ.

ಅವನು ಬಂದಿಯ ನಂಬರು ಕೇಳಿ ಪುಸ್ತಕ ತಿರುವಿದ. ಕರೆ ಹೋಗಿದೆಯಲ್ಲಮ್ಮ ಎಂದ. ಎರಡು ಮಂಗಳವಾರವೂ ಮೂರು ಮೂರು ಸಲ. ಆರೂ ಸಲ ಆ ಕಡೆಯಿಂದ ಕತ್ತರಿಸಿದ್ದಾರೆ ಅಂತ ಯಂತ್ರ ತೋರಿಸಿದೆ. ಅಕ್ಕ ನಾನು ಕತ್ತರಿಸಿಲ್ಲ ಎಂದಳು. ಎಲ್ಲರೂ ಹಾಗೇ ಹೇಳುತ್ತಾರೆ ಎಂದ ಅವನು, ಬೈಗುಳದಂತಲ್ಲ, ಹವಾಮಾನ ಹೇಳಿದಂತೆ. ಮೂರು ವಾರ ಸತತ ಕತ್ತರಿಸಿದರೆ ಮನೆಯವರಿಗೆ ಇಷ್ಟ ಇಲ್ಲ ಅಂತ ನಂಬರನ್ನು ಪಟ್ಟಿಯಿಂದ ತೆಗೆಯುತ್ತಾರೆ. ಈ ಮಂಗಳವಾರ ಮೂರನೆಯದು. ಆಮೇಲೆ ಅವನು ದನಿ ಇಳಿಸಿದ.

"ನಿಮ್ಮವನು ಮೂರು ದಿನದಿಂದ ಊಟದ ತಟ್ಟೆ ವಾಪಸ್ ಕಳಿಸ್ತಿದಾನಂತೆ. ಮೊದ್ಲೂ ಮಾಡಿದ್ದ ಅಲ್ವಾ?"

ಬಾಯಿಮಾತಲ್ಲಿ ಒಂದೇ ಒಂದು ಸುದ್ದಿ ಮುಟ್ಟಿಸಿ ಎಂದು ಅಕ್ಕ ಬೇಡಿಕೊಂಡಳು. ಆಗದು, ಎಂಟುನೂರು ಜನರ ಸುದ್ದಿ ಹೊತ್ತುಕೊಂಡು ತಿರುಗಿದರೆ ತನ್ನ ಕೆಲಸ ಹೋಗುತ್ತದೆ ಎಂದ. ಆದರೆ ಒಂದು ದಾರಿ ಹೇಳಿದ. ಪತ್ರವಾದರೆ ತಪಾಸಣೆ, ದಾಖಲೆಯಾದರೆ ಅದೇ ದಿನ ಒಳಗೆ ಹೋಗುತ್ತದೆ, ಬಂದಿ ಸಹಿ ಹಾಕಿ ಪಡೆಯುತ್ತಾನೆ. ಕಂಪನಿಯಿಂದ ಏನಾದರೂ ಮೊಹರು ಹಾಕಿದ ಕಾಗದ ತರಿಸಿಕೊಳ್ಳಿ.

ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಅಕ್ಕ ಓಡಿದಳು. ಕನ್ನಡಕದವನ ಮುಂದೆ ಹದಿನಾರು ಜನ ಇದ್ದರು, ಎಲ್ಲರ ಕೈಯಲ್ಲೂ ಸತ್ತ ಫೋನು. ಎರಡೂವರೆಗೆ ಅವಳ ಸರದಿ ಬಂತು. ಅವನು ನಂಬರು ಹೊಡೆದು, ಪರದೆ ನೋಡಿ, ಮತ್ತೊಮ್ಮೆ ನೋಡಿ, ಪರದೆಯನ್ನೇ ಅವಳ ಕಡೆಗೆ ತಿರುಗಿಸಿದ.

ಜೈಲಿನ ಕರೆ ಜೈಲಿನವರ ಬಾಯಿಂದ ಬರುವುದಿಲ್ಲ. ಮೊದಲು ಒಂದು ಟೇಪು ಮಾತಾಡುತ್ತದೆ: ಇದು ಬಂದೀಖಾನೆಯಿಂದ ಬಂದ ಕರೆ, ಸ್ವೀಕರಿಸಲು ಒಂದನ್ನು ಒತ್ತಿ. ಅದೇ ಒಂದು ನಂಬರಿನಿಂದ ದಿನಕ್ಕೆ ನೂರಾರು ಜನರಿಗೆ ಹೋಗುತ್ತದೆ. ಹೊಸ ಕಂಪನಿಯ ಯಂತ್ರಕ್ಕೆ ಅದಕ್ಕೂ ವಿಮೆಯವರಿಗೂ ವ್ಯತ್ಯಾಸ ತಿಳಿಯದು. ಅವಳ ಫೋನು ಗಂಟೆ ಬಾರಿಸುವ ಮೊದಲೇ ಅದು ಆರೂ ಕರೆಗಳನ್ನು ಕೊಂದಿತ್ತು.

ಅಕ್ಕ ಪರದೆಯ ಮೇಲಿನ ಆರು ಸಾಲು ಓದಿದಳು. ಮೂರು ಹತ್ತು. ಮೂರು ಹದಿಮೂರು. ಮೂರು ಹತ್ತೊಂಬತ್ತು. ಮುಂದಿನ ವಾರ ಮೂರು ಹತ್ತು, ಮೂರು ಹನ್ನೊಂದು, ಮೂರು ಹನ್ನೊಂದು. ಎರಡನೇ ವಾರ ಅವನು ಹೆಚ್ಚು ಹೊತ್ತು ಕಾದಿರಲಿಲ್ಲ.

"ನಾನು ಕೇಳಿದ್ದೆ ಅಲ್ವಾಮ್ಮ," ಎಂದ ಕನ್ನಡಕದವನು ಮೆಲ್ಲಗೆ. "ನೀವೇ ಎಲ್ಲಾ ನಿಲ್ಸಿ ಅಂದ್ರಿ."

"ಹೌದು," ಎಂದಳು ಅಕ್ಕ.

ಅವಳು ಬಯ್ಯುತ್ತಾಳೆ ಎಂದು ಕಾದಿದ್ದವನಿಗೆ ಇದರಿಂದ ಇನ್ನೂ ಕಷ್ಟವಾಯಿತು. ತಡೆ ತೆಗೆಯಲು ಅರ್ಜಿ ಹಾಕಿದ. ಎಪ್ಪತ್ತೆರಡು ಗಂಟೆಯೊಳಗೆ ಆಗುತ್ತದೆ. ಅವಳು ಬೆರಳು ಮಡಚಿ ಎಣಿಸಿದಳು: ಮಂಗಳವಾರ ಎರಡೂವರೆ. ಬೇಗ ಮಾಡಲು ಬರುವುದಿಲ್ಲವೇ ಎಂದರೆ, ಹಳೇ ಕಂಪನಿಯಾಗಿದ್ದರೆ ಇಲ್ಲೇ ಕೂತು ಮಾಡುತ್ತಿದ್ದೆ, ಈಗ ಎಲ್ಲ ಮೇಲೆ ಹೋಗುತ್ತೆ, ಮೇಲೆ ಅಂದ್ರೆ ಎಲ್ಲಿ ಅಂತ ನಂಗೂ ಗೊತ್ತಿಲ್ಲ ಎಂದ.

ಕಾಗದ ಕೊಡುವ ಪದ್ಧತಿ ಇರಲಿಲ್ಲ. ಅಕ್ಕ ಕೌಂಟರು ಬಿಟ್ಟು ಕದಲಲಿಲ್ಲ. ಹಿಂದಿನವರು ಗೊಣಗಿದರು, ಒಬ್ಬ ಅವಳ ಭುಜಕ್ಕೆ ಕೈ ಹಚ್ಚಿ ಸರಿಸಲು ನೋಡಿದ. ಅವಳು ಕೌಂಟರಿನ ಅಂಚು ಹಿಡಿದು ನಿಂತಳು. ಕೊನೆಗೆ ಕನ್ನಡಕದವನು ಆ ಪರದೆಯನ್ನೇ ಮುದ್ರಿಸಿ, ಡ್ರಾಯರಿನಲ್ಲಿದ್ದ ಮೊಹರು ಒತ್ತಿ ಸಹಿ ಹಾಕಿದ. ಆರು ಕರೆಗಳ ತಾರೀಖು, ಸಮಯ, ಜೈಲಿನ ನಂಬರು, ಎಲ್ಲ ಇತ್ತು. ಕೊನೆಯ ಅಂಕಣದಲ್ಲಿ ಆರು ಸಲವೂ ಒಂದೇ ಮಾತು ಇತ್ತು: ಗ್ರಾಹಕರ ಕೋರಿಕೆಯ ಮೇರೆಗೆ ತಡೆಹಿಡಿಯಲಾಗಿದೆ.

ಇದೊಂದನ್ನು ತೆಗೆಯಿರಿ ಎಂದಳು. ಅದು ಯಂತ್ರದಿಂದ ಬರುವ ಅಕ್ಷರ, ತನ್ನ ಕೈಯಲ್ಲಿಲ್ಲ ಎಂದ. ಆಮೇಲೆ ಮುಂದಿನವರನ್ನು ಕರೆದ.

ಭಾನುವಾರವಿಡೀ ಆ ಕಾಗದ ಅವಳ ಅಡುಗೆ ಕಟ್ಟೆಯ ಮೇಲಿತ್ತು. ಇದನ್ನು ಓದಿದರೆ ತಮ್ಮನಿಗೆ ಎರಡು ವಿಷಯ ತಿಳಿಯುತ್ತವೆ: ಕರೆ ಕತ್ತರಿಸಿದ್ದು ಅಕ್ಕನ ಕೈಯಲ್ಲ, ಕತ್ತರಿಸಲು ಹೇಳಿದ್ದು ಅಕ್ಕನ ಬಾಯಿ. ಎರಡನೆಯದು ಮೊದಲನೆಯದಕ್ಕಿಂತ ಕೆಟ್ಟದ್ದು. ಕೈ ಜಾರಿ ಕತ್ತರಿಸಿರಬಹುದು ಎಂದು ಅವನು ಇಷ್ಟು ದಿನ ತನಗೆ ತಾನೇ ಹೇಳಿಕೊಂಡಿದ್ದರೆ, ಇನ್ನು ಅದೂ ಇಲ್ಲ. ಕೊನೆಯ ಅಂಕಣವನ್ನು ಕತ್ತರಿಯಿಂದ ಕತ್ತರಿಸಬಹುದು. ಆಗ ಮೊಹರೂ ಅರ್ಧ ಹೋಗುತ್ತದೆ, ಅದನ್ನು ಒತ್ತಿದ್ದು ಆ ಅಂಕಣದ ಮೇಲೆಯೇ. ಪಕ್ಕದಲ್ಲಿ ಕಾರಣ ಬರೆಯಬಹುದು. ಬರೆದ ಕ್ಷಣ ದಾಖಲೆ ಪತ್ರವಾಗುತ್ತದೆ, ಪತ್ರಕ್ಕೆ ಮೂರು ವಾರ. ಏನೂ ಕಳಿಸದೆ ಮಂಗಳವಾರಕ್ಕೆ ಕಾಯಬಹುದು. ಆದರೆ ಎರಡನೇ ವಾರ ಒಂದೇ ನಿಮಿಷದಲ್ಲಿ ಮೂರೂ ಸಲ ಒತ್ತಿ ಹೋದವನು ಮೂರನೇ ವಾರ ಸಾಲಿಗೆ ಬರುತ್ತಾನೆಂದು ಏನು ಖಾತರಿ?

ಸಂಜೆ ರೇಡಿಯೋ ಬಂದು ಕೂತಳು. ಕಾಗದವನ್ನು ಎರಡು ಸಲ ಓದಿದಳು. ನಾನಾಗಿದ್ದರೆ ಕಳಿಸುತ್ತಿರಲಿಲ್ಲ ಎಂದಳು ಆಮೇಲೆ. ಕಾಗದವನ್ನು ವಾಪಸ್ ಕಟ್ಟೆಯ ಮೇಲೆ ಇಡುತ್ತ, ಕಳಿಸದಿದ್ದರೆ ನಿದ್ದೆಯೂ ಬರುತ್ತಿರಲಿಲ್ಲ ಎಂದಳು.

ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಅಕ್ಕ ಹೊರಟಳು. ಜೈಲಿನ ದೊಡ್ಡ ಬಾಗಿಲಿನ ಪಕ್ಕದ ಸಣ್ಣ ಕಿಟಕಿಯೇ ದಾಖಲೆಯ ಕೌಂಟರು. ಒಳಗಿದ್ದ ಕಾವಲುಗಾರ್ತಿ ಕಾಗದವನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿದಳು. ಕೇಸಿಗೆ ಸಂಬಂಧಿಸಿದ್ದಾ ಎಂದು ಕೇಳಿದಳು. ಅಕ್ಕ ಹೂಂ ಎಂದಳು. ಇದು ಫೋನ್ ಕಂಪನಿಯ ಕಾಗದ ಇದ್ದಂತಿದೆ ಎಂದಳು. ಅಕ್ಕ ಅದಕ್ಕೂ ಹೂಂ ಎಂದಳು. ಹಿಂದೆ ಸಾಲಿನಲ್ಲಿ ಯಾರದೋ ಕೂಸು ಅಳುತ್ತಿತ್ತು. ಕಾವಲುಗಾರ್ತಿ ಕೂಸನ್ನೊಮ್ಮೆ, ಅಕ್ಕನನ್ನೊಮ್ಮೆ ನೋಡಿ ನಂಬರು ಹಾಕಿ ಒಳಗೆ ಕಳಿಸಿದಳು.

ಐವತ್ತು ನಿಮಿಷದ ಮೇಲೆ ಸ್ವೀಕೃತಿ ಚೀಟಿ ಹೊರಗೆ ಬಂತು. ತಮ್ಮನ ಸಹಿ ಇತ್ತು. ಕೊನೆಯ ಅಕ್ಷರ ಪೂರ್ತಿಯಾಗದೆ ಕೆಳಗೆ ಜಾರಿತ್ತು. ಏನಾದರೂ ಅಂದನಾ ಎಂದು ಅಕ್ಕ ಕೇಳಿದಳು.

"ಓದಿದ. ಮಡಚಿ ಜೇಬಲ್ಲಿ ಇಟ್ಕೊಂಡ. ಅಷ್ಟೇ."

"ನಿಂತ್ಕೊಂಡು ಓದಿದ್ನಾ?"

ಕಾವಲುಗಾರ್ತಿಗೆ ಆ ಪ್ರಶ್ನೆ ವಿಚಿತ್ರ ಅನ್ನಿಸಿರಬೇಕು. ಕೂತಿದ್ದ ಎಂದಳು. ಗೋಡೆಗೆ ಒರಗಿ ಕೂತಿದ್ದ, ಸಹಿ ಹಾಕಿಸಲು ಪುಸ್ತಕವನ್ನು ಅಲ್ಲಿಗೇ ಬಗ್ಗಿ ಹಿಡಿಯಬೇಕಾಯಿತಂತೆ. ಊಟ ಬಿಟ್ಟವರೆಲ್ಲ ಹೀಗೇ, ಆರನೇ ದಿನಕ್ಕೆ ಕಾಲು ನಿಲ್ಲುವುದಿಲ್ಲ ಎಂದು ಸೇರಿಸಿ ಕಿಟಕಿ ಮುಚ್ಚಿದಳು.

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಡಬ್ಬಿಯೊಳಗೆ ಅಕ್ಕನ ಫೋನು ಕುಂಯ್ಗುಟ್ಟಿತು. ಮೇಸ್ತ್ರಿ ತಾನೇ ಬೀಗ ತೆಗೆದು ಮೆಸೇಜು ಓದಿ, ರೋಲರಿನ ಸದ್ದಿನಲ್ಲಿ ಕೂಗಿದರೆ ಕೇಳಿಸದೆಂದು ನಡೆದು ಬಂದು ಹೇಳಿದ: ತಡೆ ತೆಗೆದಿದ್ದಾರೆ. ನಂಬಿಕೆ ಬಾರದೆ ಅವಳು ಮಧ್ಯಾಹ್ನ ತಾನೇ ಮತ್ತೆ ಓದಿ ನೋಡಿದಳು.

ಮೂರು ಗಂಟೆಗೇ ಅವಳನ್ನು ಮೆಟ್ಟಿಲಿಗೆ ಕಳಿಸಿದರು. ಮೂರು ಹತ್ತು ಆಯಿತು. ಫೋನು ಸುಮ್ಮನಿತ್ತು. ಮೂರು ಹನ್ನೆರಡು. ಬಾಯ್ಲರಿನ ಕೊಳವೆ ಒಮ್ಮೆ ಉಸಿರು ಬಿಟ್ಟು ನಿಂತಿತು. ಅಕ್ಕ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಸಿಗ್ನಲಿನ ಗೆರೆಗಳನ್ನು ನೋಡುತ್ತಿದ್ದಳು. ನಾಲ್ಕೂ ಇದ್ದವು. ಯಂತ್ರ ಕೆಟ್ಟಿಲ್ಲ, ಕಂಪನಿ ಕೆಟ್ಟಿಲ್ಲ, ಇನ್ನು ಉಳಿದಿರುವುದು ಅವನೊಬ್ಬನೇ. ಮೂರು ಹದಿನಾರಕ್ಕೆ ಅವಳು ಮೊಣಕಾಲಿನ ನಡುವೆ ತಲೆ ಇಟ್ಟಳು. ನಡೆದು ಬರಲು ಆಗದೆ ಬರಲಿಲ್ಲವೋ, ಬರಬಾರದೆಂದು ಬರಲಿಲ್ಲವೋ? ಯಾವುದಾದರೂ ಒಂದೇ ಆಗಿರಲಿ, ಎರಡೂ ಒಟ್ಟಿಗೆ ಆಗದಿರಲಿ ಎಂದುಕೊಂಡಳು.

ಮೂರು ಹದಿನೆಂಟಕ್ಕೆ ಗಂಟೆ ಬಾರಿಸಿತು.

ಟೇಪು ಶುರುವಾಯಿತು. ಇದು ಬಂದೀಖಾನೆಯಿಂದ ಬಂದ ಕರೆ. ಅವಳು ಒಂದು ಒತ್ತಿದಳು. ಟೇಪು ಮುಗಿಯುವ ತನಕ ಒತ್ತಿದರೂ ಅದಕ್ಕೆ ಲೆಕ್ಕವಿಲ್ಲ, ಅದು ಅವಳಿಗೆ ಗೊತ್ತಿತ್ತು, ಆದರೂ ಒತ್ತುತ್ತಲೇ ಇದ್ದಳು. ಈ ಕರೆಯನ್ನು ದಾಖಲಿಸಲಾಗುತ್ತದೆ. ನಿಗದಿತ ಸಮಯಕ್ಕೆ ಕರೆ ತಾನಾಗಿಯೇ ಕೊನೆಗೊಳ್ಳುತ್ತದೆ. ಸ್ವೀಕರಿಸಲು. ಒತ್ತಿದಳು.

ಮೊದಲು ಉಸಿರು ಕೇಳಿಸಿತು. ಮೆಟ್ಟಿಲು ಹತ್ತಿ ಬಂದವನ ಉಸಿರು.

"ನಾನು, ನಾನು ಇಲ್ಲೇ ಇದೀನಿ," ಎಂದಳು. "ಕೇಳಿಸ್ತಾ ಇದೆಯಾ? ಊಟ ಮಾಡು. ಮೊದ್ಲು ಊಟ ಮಾಡು."

ಅವನ ದನಿ ಒಣಗಿತ್ತು, ಒಂದೊಂದೇ ಮಾತು ಎತ್ತಿ ಇಟ್ಟಂತೆ ಮಾತಾಡಿದ.

"ಆ ಕಾಗದದಲ್ಲಿ ಗ್ರಾಹಕರ ಕೋರಿಕೆ ಅಂತಿದೆ. ಗ್ರಾಹಕರು ಅಂದ್ರೆ ನೀನೇ ತಾನೇ ಅಕ್ಕಾ?"

ಮೂರು ದಿನದಿಂದ ಅವಳು ಈ ಪ್ರಶ್ನೆಗೆ ಉತ್ತರ ಕಟ್ಟುತ್ತಿದ್ದಳು. ಒಂದು ಸುಳ್ಳೂ ಸಿದ್ಧವಾಗಿತ್ತು: ಕಂಪನಿಯವರು ಎಲ್ಲರಿಗೂ ಹಾಗೇ ಬರೆಯುತ್ತಾರೆ, ಅದು ಬರೀ ಅಚ್ಚಿನ ಮಾತು. ಚಿಕ್ಕ ಸುಳ್ಳು, ಐದು ಸೆಕೆಂಡಿನದು. ಅದು ಬಾಯಿಗೆ ಬರಲಿಲ್ಲ.

"ಹೂಂ. ನಾನೇ ಹೇಳಿದ್ದು. ನಿನ್ನ ಫೋನ್ ಬರೋ ಹೊತ್ತಿಗೆ ಆ ವಿಮೆಯವ್ರು..."

ಲೈನು ಹೋಯಿತು. ಮೂರು ಇಪ್ಪತ್ತು.

ಅವಳು ವಾಕ್ಯದ ಉಳಿದ ಭಾಗವನ್ನು ಸತ್ತ ಫೋನಿಗೆ ಹೇಳಿದಳು, ಅಡ್ಡ ಬರ್ತಾರೆ ಅಂತ ನಿಲ್ಲಿಸಿದ್ದು, ನಿನಗೋಸ್ಕರ ನಿಲ್ಲಿಸಿದ್ದು ಎಂದು. ಹೇಳಿ ಮುಗಿಸಿ ಎದ್ದಳು. ಒಳಗೆ ರೇಡಿಯೋ ಒಬ್ಬಳೇ ಎರಡು ತುದಿಗೆ ಓಡಿ ಓಡಿ ಬೆವತಿದ್ದಳು, ರೋಲರಿನ ಬಾಯಲ್ಲಿ ಚಾದರ ಸುಕ್ಕುಗಟ್ಟಿ ರಾಶಿಯಾಗಿತ್ತು. ಬಂತಾ ಎಂದು ಕಣ್ಣಲ್ಲೇ ಕೇಳಿದಳು. ಅಕ್ಕ ಬಂತು ಎಂದು ತಲೆಯಾಡಿಸಿದಳು. ರೇಡಿಯೋ ನಕ್ಕಳು, ಆಮೇಲೆ ಅಕ್ಕನ ಮುಖ ನೋಡಿ ನಗು ನಿಲ್ಲಿಸಿದಳು. ಇಬ್ಬರೂ ತುದಿ ಹಿಡಿದರು.

ನಂಬರು ಪಟ್ಟಿಯಿಂದ ಹೋಗುವುದಿಲ್ಲ, ಅಷ್ಟಾಯಿತು. ಇನ್ನು ಏಳು ದಿನ ಅವನ ಹತ್ತಿರ ಇರುವುದು ಒಂದು ಕಾಗದ, ಒಂದು ಹೂಂ, ಅರ್ಧ ವಾಕ್ಯ. ವಿಮೆಯವರು ಎಂಬ ಮಾತು ಅವನಿಗೆ ಕೇಳಿಸಿತ್ತೋ ಇಲ್ಲವೋ. ಲೈನು ಬಿಜಿ ಬಂದ ಆ ಮಂಗಳವಾರ ಅವನಿಗೆ ನೆನಪಾದರೆ ಗಂಟು ಬಿಚ್ಚಿಕೊಳ್ಳುತ್ತಾನೆ. ಹಸಿದ ತಲೆಗೆ ಎಷ್ಟು ನೆನಪಾಗುತ್ತದೆ?

ಐದು ಗಂಟೆಗೆ ಡಬ್ಬಿ ತೆರೆದ ಕೂಡಲೇ ಅವಳು ಜೈಲಿನ ಕಚೇರಿಗೆ ಮಾಡಿದಳು. ಎಂಟನೇ ಸಲಕ್ಕೆ ಗುಮಾಸ್ತ ಎತ್ತಿದ. ದನಿ ಗುರುತು ಹಿಡಿದ. ಸುದ್ದಿ ಒಯ್ಯಲ್ಲ ಅಂತ ಆವತ್ತೇ ಹೇಳಿದ್ದೀನಿ ಎಂದ. ಒಯ್ಯುವುದು ಬೇಡ, ಒಂದೇ ಒಂದು ಹೇಳಿ ಸಾಕು ಎಂದಳು ಅಕ್ಕ. ಬಂದಿಯ ನಂಬರು ಹೇಳಿದಳು.

"ಊಟ ಮಾಡಿದ್ನಾ?"

ಆ ಕಡೆ ಕುರ್ಚಿ ಎಳೆದ ಸದ್ದು ಬಂತು. ಗುಮಾಸ್ತ ಗಡಿಯಾರ ನೋಡಿರಬೇಕು.

"ಸಂಜೆ ಊಟದ ಗಾಡಿ ಇನ್ನೂ ಒಳಗೆ ಹೋಗಿಲ್ಲ ಕಣಮ್ಮ. ಆರೂವರೆ ಮೇಲೆ ಮಾಡಿ."